ಮೂವತ್ತು ಗಂಟಲು

ಮಿಮೂನನ ಪದಕ ಅಡುಗೆಮನೆಯ ಗೋಡೆಗೆ ಹೊಡೆದ ಗೂಟದಲ್ಲಿ, ಜರಡಿಯ ಪಕ್ಕ ನೇತಾಡುತ್ತಿತ್ತು. ಕಂಚಿನದು. ನಾಲ್ಕು ತೋಳಿನ ಆಕಾರ, ಅದರ ಹಿಂದೆ ಅಡ್ಡಡ್ಡ ಇಟ್ಟ ಎರಡು ಕತ್ತಿ, ಮೇಲೆ ಕೆಂಪು ಹಸಿರು ಗೆರೆಯ ಪಟ್ಟಿ. ಅದನ್ನು ಕೊಟ್ಟ ಫ್ರೆಂಚರು ಗಂಟುಮೂಟೆ ಕಟ್ಟಿಕೊಂಡು ಮೊರಾಕೊ ಬಿಟ್ಟು ಹೋಗಿಯಾಗಿತ್ತು. ಪದಕ ಮಾತ್ರ ಜರಡಿಯ ಪಕ್ಕ ಉಳಿದಿತ್ತು. ಹೆಂಡತಿ ತೂದಾ ಬಾರ್ಲಿ ಹಿಟ್ಟು ಜರಡಿ ಹಿಡಿದಾಗಲೆಲ್ಲ ಅದರ ಮೇಲೆ ಬಿಳಿ ಧೂಳು ಕೂರುತ್ತಿತ್ತು. ಅವಳು ಅದನ್ನು ಒಂದು ದಿನವೂ ಒರೆಸಿದವಳಲ್ಲ. ಮುಟ್ಟಲು ಅವಳಿಗೆ ಭಯ.

ಭಯಪಡದೆ ಏನು ಮಾಡಿಯಾಳು? ನಮ್ಮ ಕೆಳಗಿನೂರಿನಲ್ಲಿ ತೊಟ್ಟಿಲ ಕೂಸಿಗೂ ಆ ಕತೆ ಗೊತ್ತಿತ್ತು. ಎರಡನೇ ಮಹಾಯುದ್ಧ ಮುಗಿದು, ಫ್ರೆಂಚರ ಪಡೆಯಲ್ಲಿದ್ದ ನಮ್ಮ ಗುಡ್ಡದ ಸಿಪಾಯಿಗಳು ಇಟಲಿ, ಜರ್ಮನಿ ಎಲ್ಲ ಸುತ್ತಿ ಮರಳಿದ ದಿನ ಸಂತೆಮಾಳದಲ್ಲಿ ಅವರಿಗೆ ಸನ್ಮಾನ ನಡೆಯಿತು. ಆ ಸೀಮೆಯ ಒಡೆಯರಾದ ಕಾಯಿದ್ ಸಾಹೇಬರು ಕುದುರೆ ಮೇಲೆ ಕೂತೇ, "ಏನು ಮಾಡಿದ್ದಕ್ಕಪ್ಪಾ ನಿನಗೆ ಈ ಪದಕ?" ಎಂದು ಕೇಳಿದರು. ಮಿಮೂನ್ ನಾಚಿ ನೆಲ ನೋಡುತ್ತ, "ಮೂವತ್ತು ಗಂಟಲು, ಸಾಹೇಬ್ರೇ..." ಎಂದ. ಉಗುಳು ನುಂಗಿಕೊಂಡು ಮುಂದೆ ಏನೋ ಹೇಳಲು ಬಾಯಿ ತೆರೆದ. ಜನ ಬಿಟ್ಟರೆ ತಾನೆ! ಹೆಂಗಸರು ನಾಲಿಗೆ ಹೊರಳಿಸಿ ಜಯದ ಕೂಗು ಎಬ್ಬಿಸಿದರು. ಸವಾರರು ಆಕಾಶಕ್ಕೆ ಕೋವಿ ಹಾರಿಸಿದರು. ಕಾಯಿದ್ ಸಾಹೇಬರು ಸ್ವತಃ ತಮ್ಮ ಕುತ್ತಿಗೆ ಸವರಿಕೊಂಡು, "ಭಲೇ!" ಎಂದರು. ಗುಡ್ಡದ ಸಿಪಾಯಿಗಳ ಸೊಂಟದ ಚೂರಿಯ ಖ್ಯಾತಿ ಆಗಲೇ ಏಳು ಸಮುದ್ರ ದಾಟಿತ್ತು. ಪದಕದ ಮೇಲೆ ಎರಡು ಕತ್ತಿ ಬೇರೆ ಇದ್ದವು. ಇನ್ನು ಸಾಕ್ಷಿ ಏನು ಬೇಕು? ಅಂದಿನಿಂದ ಅವನು ಮೂವತ್ತು ಗಂಟಲಿನ ಮಿಮೂನ್ ಆದ.

ಆ ಹೆಸರಿನಿಂದ ಅವನಿಗೆ ಲಾಭವೇ ಆಯಿತು ಅನ್ನಿ. ಅವನ ಹೊಲದ ಗಡಿಕಲ್ಲನ್ನು ಯಾರೂ ಒಂದು ಗೇಣೂ ಸರಿಸಲಿಲ್ಲ. ಸಂತೆಯಲ್ಲಿ ಸಕ್ಕರೆ ಮಾರುವವನು ಅವನಿಗೆ ಮಾತ್ರ ತೂಕದಲ್ಲಿ ಮೋಸ ಮಾಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕುರಿಹಬ್ಬ ಬಂದಾಗ ಪ್ರತಿ ಮನೆಯ ಯಜಮಾನನೂ ತನ್ನ ಕುರಿಯನ್ನು ತಾನೇ ಕೊಯ್ಯುತ್ತಾನೆ, ಮಿಮೂನ್ ಮಾತ್ರ ಚೂರಿಯನ್ನು ಪಕ್ಕದ ಮನೆಯ ಮುದುಕ ಬೂಅಝ್ಝಾನ ಕೈಗೆ ಕೊಟ್ಟು, "ನೀನೇ ಕೊಯ್ಯಪ್ಪ. ನನ್ನ ಕೈಗೆ ಸಾಕಾಗಿದೆ" ಎಂದು ಮನೆಯ ಹಿಂದಕ್ಕೆ ಹೋಗಿಬಿಡುತ್ತಿದ್ದ. ಆ ಮಾತು ಕೇಳಿ ಅಂಗಳದಲ್ಲಿದ್ದವರ ಮೈ ಜುಂ ಎನ್ನುತ್ತಿತ್ತು.

ತೂದಾ ಮೇಲಿನೂರಿನ ಹುಡುಗಿ. ಹೆಣ್ಣು ಕೇಳಲು ಮೂವತ್ತು ಗಂಟಲಿನವನೇ ಬಂದು ಬಾಗಿಲಲ್ಲಿ ನಿಂತರೆ, ಇಲ್ಲ ಎನ್ನುವ ಗುಂಡಿಗೆ ಅವಳ ಅಪ್ಪನಿಗೆ ಎಲ್ಲಿಂದ ಬರಬೇಕು? ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳೂ ಎರಡಾದವು. ಮಿಮೂನ್ ಅವಳ ಮೇಲೆ ಒಮ್ಮೆಯೂ ಕೈಯೆತ್ತಲಿಲ್ಲ, ದನಿಯೂ ಎತ್ತಲಿಲ್ಲ. ಮನುಷ್ಯರಿಗಿಂತ ಹೆಚ್ಚಾಗಿ ತನ್ನ ಹೇಸರಗತ್ತೆಯ ಜೊತೆಗೇ ಮಾತಾಡುತ್ತಿದ್ದ. ಅವಳಿಗೆ ಆ ಮೆತ್ತನೆಯ ಸ್ವಭಾವವೇ ಹೆಚ್ಚು ದಿಗಿಲು ಹುಟ್ಟಿಸುತ್ತಿತ್ತು. ಇಷ್ಟು ಮೆತ್ತಗೆ ಮಾತಾಡುವವನು ಆ ಕೆಲಸ ಮಾಡುವಾಗಲೂ ಹೀಗೇ ಮೆತ್ತಗೆ ಮಾತಾಡಿದ್ದನೇ ಎಂದು ಅವಳು ಯೋಚಿಸುತ್ತಿದ್ದಳು.

ಮದುವೆಯಾದ ಮೊದಲ ಚಳಿಗಾಲದಲ್ಲಿ ಅವಳ ಬೆಳ್ಳಿಸರದ ಕೊಂಡಿ ಸಿಕ್ಕಿಕೊಂಡು, ಬಿಡಿಸಲು ಅವನು ಹಿಂದಿನಿಂದ ಕೈಹಾಕಿದ್ದ. ಬೆರಳು ಕುತ್ತಿಗೆಗೆ ತಾಕಿದ್ದೇ ತಡ ಅವಳು ಮರದ ಕೊರಡಿನಂತಾದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅಂದಿನಿಂದ ಅವಳು ತಲೆವಸ್ತ್ರದ ತುದಿಯನ್ನು ಕುತ್ತಿಗೆಗೆ ಸುತ್ತಿ ಗಂಟು ಹಾಕತೊಡಗಿದಳು, ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ದಿನಾ ಸಂಜೆ ಪಾತ್ರೆ ತೊಳೆದಾದ ಮೇಲೆ ಈರುಳ್ಳಿ ಕೊಯ್ಯುವ ಚೂರಿಯನ್ನು ಹಿಟ್ಟಿನ ಮಡಕೆಯ ಕೆಳಗೆ ಬಚ್ಚಿಡುತ್ತಿದ್ದಳು.

ಆ ವರ್ಷದ ಬೇಸಿಗೆಯ ಕೊನೆಯಲ್ಲಿ ನೀರಿನ ಜಗಳ ಹತ್ತಿಕೊಂಡಿತು. ಎರಡೂ ಊರಿಗೆ ಇರುವುದು ಒಂದೇ ಒರತೆ, ಅದು ಮೇಲೆ ದೇವದಾರು ಕಾಡಿನ ಅಂಚಿನಲ್ಲಿದೆ. ಅಜ್ಜಂದಿರ ಕಾಲದಿಂದಲೂ ಮೂರು ದಿನ ಅವರಿಗೆ, ಮೂರು ದಿನ ನಮಗೆ. ಈ ಸಲ ಮೇಲಿನೂರಿನವರು ಕಾಲುವೆಯ ಬಾಯಿಗೆ ಕಲ್ಲು ಮಣ್ಣು ತುಂಬಿ ನೀರನ್ನೆಲ್ಲ ತಮ್ಮ ಕಡೆ ತಿರುಗಿಸಿಕೊಂಡರು. ವಸಂತದಲ್ಲಿ ನೀವು ನಮ್ಮ ಪಾಳಿ ಕದ್ದಿದ್ದೀರಿ, ಅದಕ್ಕೆ ಇದು ಎಂದರು. ಕೆಳಗಿನೂರಿನ ಜೋಳದ ಗರಿ ಸುರುಟಿಕೊಂಡು ಹಳದಿಯಾಯಿತು.

ಒರತೆಯ ಕಾವಲಿಗೆ ಆ ವರ್ಷ ಮೇಲಿನೂರಿನವರು ನೇಮಿಸಿದ್ದು ಇಷೂ ಎಂಬವನನ್ನು. ಇಷೂ ತೂದಾಳ ಒಬ್ಬನೇ ತಮ್ಮ. ತಾಯಿ ಸತ್ತಾಗ ಅವನಿನ್ನೂ ಹಾಲು ಕುಡಿಯುವ ಕೂಸು. ತೂದಾಳೇ ಅವನನ್ನು ಬೆನ್ನಿಗೆ ಕಟ್ಟಿಕೊಂಡು, ಆಡಿನ ಹಾಲು ಕುಡಿಸಿ ಬೆಳೆಸಿದ್ದಳು.

ಒಂದು ಬೆಳಿಗ್ಗೆ ಕೆಳಗಿನೂರಿನ ಗಂಡು ಹೈಕಳೆಲ್ಲ ಮಿಮೂನನ ಅಂಗಳಕ್ಕೆ ನುಗ್ಗಿದರು. ಮುಂದಾಳು ಝಾಯಿದ್. ಅವನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಮಾತು ಮಾತ್ರ ಬೇಕಾದಷ್ಟು ಬಂದಿತ್ತು.

"ಮಿಮೂನಣ್ಣ, ಇನ್ನೂ ಎಷ್ಟು ದಿನ ಸುಮ್ನೆ ಚಹಾ ಕುಡೀತಾ ಕೂತಿರ್ತೀಯ? ಅಲ್ಲಿ ಆ ಇಷೂ ನಮ್ಮ ನೀರಲ್ಲಿ ಕಾಲು ಬಿಟ್ಕೊಂಡು ಕೂತವ್ನೆ. ಮೂವತ್ತರ ಜೊತೆ ಇನ್ನೊಂದು ಸೇರಿದ್ರೆ ನಿನಗೇನು ಭಾರ ಆಗುತ್ತಾ?"

"ನಿನ್ನ ಕೈಲಾಗದಿದ್ರೆ ಹೇಳು, ನಾವೇ ಹೋಗ್ತೀವಿ. ಗುದ್ದಲಿ ಹಿಡ್ಕೊಂಡು ಹೋಗಿ ಅವನ ಬುರುಡೆ ಒಡೆದು ಬರ್ತೀವಿ" ಎಂದ ಇನ್ನೊಬ್ಬ.

ತೂದಾ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮಿಮೂನ್ ಚಹಾದ ಲೋಟ ಕೆಳಗಿಟ್ಟ. "ಯಾರೂ ಹೋಗ್ಬೇಡಿ. ನಾನೇ ಹೋಗ್ತೀನಿ" ಎಂದ.

"ನಾವೂ ಬರ್ತೀವಣ್ಣ!"

"ಬೇಡ. ನಾನೊಬ್ನೇ. ನೋಡೋರು ಯಾರೂ ಇರಬಾರ್ದು."

ಹುಡುಗರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಮಿಮೂನ್ ಕೊಟ್ಟಿಗೆಯಿಂದ ಹೇಸರಗತ್ತೆಯನ್ನು ಹೊರಗೆ ತಂದು ಬೆನ್ನಿಗೆ ಹಲ್ಲಣ ಬಿಗಿಯತೊಡಗಿದ.

"ಹೇಸರಗತ್ತೆ ಯಾಕಣ್ಣ?"

"ಬರುವಾಗ ಭಾರ ಇರುತ್ತಲ್ಲ" ಎಂದ ಮಿಮೂನ್, ಅದೇ ಮೆತ್ತನೆಯ ದನಿಯಲ್ಲಿ. ಒಳಗೆ ಬಂದು ಪದಕವನ್ನು ಗೂಟದಿಂದ ತೆಗೆದು, ಉಫ್ ಎಂದು ಹಿಟ್ಟು ಊದಿ ತಾನು ತೊಟ್ಟಿದ್ದ ಉದ್ದ ನಿಲುವಂಗಿ ಜೆಲ್ಲಾಬಾದ ಎದೆಗೆ ಚುಚ್ಚಿಕೊಂಡ. ಝಾಯಿದ್ ಹಿಂದೆಯೇ ಬಂದು ಅಟ್ಟದ ತೊಲೆಗೆ ಸಿಕ್ಕಿಸಿದ್ದ ಯುದ್ಧಕಾಲದ ಚೂರಿಯನ್ನು ಒರೆಯ ಸಮೇತ ಇಳಿಸಿ, "ಇದನ್ನ ಮರೆತೆಯಲ್ಲ!" ಎಂದು ಅವನ ಸೊಂಟಕ್ಕೆ ಸಿಕ್ಕಿಸಿದ.

ತೂದಾ ಗಂಡನ ತೋಳು ಹಿಡಿದುಕೊಂಡಳು. ಹನ್ನೊಂದು ವರ್ಷದಲ್ಲಿ ಅವಳಾಗಿ ಅವನನ್ನು ಮುಟ್ಟಿದ್ದು ಅಪರೂಪ. "ಅವನು ನನ್ನ ತಮ್ಮ" ಎಂದಳು.

"ಗೊತ್ತು ಕಣೇ. ಅದಕ್ಕೇ ನಾನೇ ಹೋಗ್ತಿರೋದು" ಎಂದು ಅವನು ತೋಳು ಬಿಡಿಸಿಕೊಂಡು ಹೊರಟ.

ಆ ಮಾತನ್ನು ಅವಳು ಹೇಗೆ ಅರ್ಥಮಾಡಿಕೊಂಡಳು ಎಂದು ಬೇರೆ ಹೇಳಬೇಕಿಲ್ಲ. ಹುಡುಗರು ಗುದ್ದಲಿಯಿಂದ ಹೊಡೆದು ನರಳಿಸುವುದರ ಬದಲು ತಾನೇ ಹೋಗಿ ಒಂದೇ ಏಟಿಗೆ ಮುಗಿಸುತ್ತಾನೆ, ಅದೇ ಅವನು ಭಾವನಾಗಿ ತೋರಿಸುವ ದಯೆ ಎಂದುಕೊಂಡಳು. ಆಮೇಲೆ ಒಂದು ದಾರಿ ಹೊಳೆಯಿತು. ಹೊಡೆದಾಡುವ ಇಬ್ಬರು ಗಂಡಸರ ನಡುವೆ ಹೆಂಗಸೊಬ್ಬಳು ತನ್ನ ತಲೆವಸ್ತ್ರ ಬಿಚ್ಚಿ ಎಸೆದರೆ, ನಮ್ಮಲ್ಲಿ ಅದನ್ನು ದಾಟಿ ಕೈಮಾಡುವವನಿಲ್ಲ. ದಾಟಿದವನ ಮನೆಯ ಒಲೆಯಿಂದ ಏಳು ತಲೆಮಾರಿಗೂ ಯಾರೂ ಬೆಂಕಿ ತೆಗೆದುಕೊಳ್ಳುವುದಿಲ್ಲ. ಆದರೆ ಸಮಯಕ್ಕೆ ಸರಿಯಾಗಿ ತಲುಪಬೇಕು. ಮಕ್ಕಳನ್ನು ಬೂಅಝ್ಝಾನ ಹೆಂಡತಿಯ ಮಡಿಲಿಗೆ ತಳ್ಳಿ, ಆಡು ಹತ್ತುವ ಕಡಿದಾದ ಕಾಲುದಾರಿ ಹಿಡಿದು ಓಡಿದಳು.

ಏರುವಾಗ ಅವಳು ದೇವರನ್ನೂ ಬೇಡಿಕೊಂಡಳು, ಗಂಡನನ್ನೂ ಶಪಿಸಿದಳು. ಕಲ್ಲಿನ ಮೇಲೆ ಚಪ್ಪಲಿ ಕಿತ್ತುಹೋಯಿತು, ಬಿಟ್ಟು ಓಡಿದಳು. ಬಿಸಿಲಿಗೆ ನಾಲಿಗೆ ಅಂಗುಳಕ್ಕೆ ಅಂಟಿತು. ಮೊಣಕಾಲಿನ ಚರ್ಮ ಸುಲಿದದ್ದೂ ಗೊತ್ತಾಗಲಿಲ್ಲ. ಅಂತೂ ಕಾಡಿನ ಅಂಚಿಗೆ ಬಂದಾಗ ದೇವದಾರುಗಳ ನಡುವೆ ಹೇಸರಗತ್ತೆ ಕಂಡಿತು. ಅದರಾಚೆ, ಒರತೆಯ ಪಕ್ಕ, ಇಬ್ಬರು ಗಂಡಸರು ಎದುರುಬದುರು ನಿಂತು ಏನನ್ನೋ ಹಿಡಿದು ಎಳೆದಾಡುತ್ತಿದ್ದರು. ಅವರ ನಡುವೆ ಇದ್ದದ್ದು ಚೂರಿ.

"ನಿಲ್ಸೀ!" ಎಂದು ಕಿರುಚಿ ತೂದಾ ಕುತ್ತಿಗೆಯ ಗಂಟನ್ನು ಹರಿದು, ತಲೆವಸ್ತ್ರವನ್ನು ಎಳೆದು ಬಲವೆಲ್ಲ ಹಾಕಿ ಎಸೆದಳು. ಹಾಳು ಗಾಳಿ! ವಸ್ತ್ರ ಗಂಡಸರ ಕಡೆ ಹೋಗದೆ ಮೇಲಕ್ಕೆ ಹಾರಿ, ತಿರುಗಿ, ಹೇಸರಗತ್ತೆಯ ತಲೆಯ ಮೇಲೆ ಬಿತ್ತು. ಅದು ಮುಸುಕು ಹಾಕಿದ ಮದುವಣಗಿತ್ತಿಯಂತೆ ಅಲುಗದೆ ನಿಂತಿತು.

ಗಂಡಸರಿಬ್ಬರೂ ತಿರುಗಿದರು. ಚೂರಿಯ ಹಿಡಿ ಮಿಮೂನನ ಕೈಯಲ್ಲಿತ್ತು, ಒರೆ ಇಷೂನ ಕೈಯಲ್ಲಿತ್ತು. ಇಷೂನ ಕಣ್ಣಲ್ಲಿ ನೀರು, ಅವನು ನಗುತ್ತಿದ್ದ.

"ಬಾರಕ್ಕ, ನೀನೂ ಒಂದು ಕೈ ಹಾಕು! ಈ ದರಿದ್ರ ಚೂರಿ ಈಚೆಗೇ ಬರ್ತಿಲ್ಲ" ಎಂದ.

ತೂದಾ ಅಲ್ಲೇ ಕುಸಿದು ಕೂತಳು. ಒರತೆಯ ಕಟ್ಟೆಯ ಮೇಲೆ ಒಂದು ಕರಬೂಜ ಹಣ್ಣು ಇದ್ದದ್ದು ಆಗ ಅವಳ ಕಣ್ಣಿಗೆ ಬಿತ್ತು.

"ಏನ್ರೋ ಇದು?"

"ಇವನು ಪದಕ ಚುಚ್ಕೊಂಡು ಬರೋದು ನೋಡಿ ನನ್ನ ಕಾಲು ಓಡೋಕೂ ಒಪ್ಪಲಿಲ್ಲ ಕಣಕ್ಕ" ಎಂದ ಇಷೂ. "ಸಾಯೋದು ಸಾಯ್ತೀನಿ, ಮನೆ ಮರ್ಯಾದೆ ಬಿಡಬಾರ್ದು ಅಂತ, 'ಬಾ ಭಾವ, ಕರಬೂಜ ತಿಂತೀಯಾ' ಅಂದೆ. ಅವನು ಕಲ್ಲಿನ ಮೇಲೆ ಕೂತು 'ಕೊಡು' ಅಂದ. ಸೊಂಟದ ಚೂರಿಗೆ ಕೈ ಹಾಕಿದ. ನಾನು ಕಣ್ಣು ಮುಚ್ಕೊಂಡೆ. ಎಷ್ಟು ಹೊತ್ತಾದ್ರೂ ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದ್ರೆ ಒರೆ ಜೊತೆ ಕುಸ್ತಿ ಆಡ್ತಾ ಇದಾನೆ! ತುಕ್ಕು ಹಿಡಿದು ಒಂದಾಗಿಬಿಟ್ಟಿದೆ. ಯಾವತ್ತು ಬಿಚ್ಚಿದ್ದು ಇದನ್ನ ಅಂತ ಕೇಳಿದ್ರೆ, ಬಿಚ್ಚಿದ ನೆನಪೇ ಇಲ್ವಂತೆ."

"ಮೂವತ್ತು ಗಂಟಲು ಕೊಯ್ದ ಚೂರಿ..." ಎಂದಳು ತೂದಾ.

ಮಿಮೂನ್ ಚೂರಿಯನ್ನು ಕಟ್ಟೆಯ ಮೇಲಿಟ್ಟ. ಕಿವಿ ಕೆಂಪಾಗಿತ್ತು. "ಕೊಯ್ದೆ ಅಂತ ನಾನು ಯಾವತ್ತು ಹೇಳಿದೆ?"

"ಸಂತೆಮಾಳದಲ್ಲಿ, ಕಾಯಿದ್ ಸಾಹೇಬ್ರ ಮುಂದೆ..."

"ಮೂವತ್ತು ಗಂಟಲು ಅಂದೆ. ಮಾತು ಮುಗಿಸೋಕೆ ಬಿಟ್ರಾ? ಮೂವತ್ತು ಗಂಟಲು ಒಣಗಿ ಹೋಗಿದ್ವು, ನೀರು ಮುಟ್ಟಿಸಿದೆ ಅಂತ ಹೇಳೋಕೆ ಹೋದೆ. ಅಷ್ಟರಲ್ಲಿ ಢಂ ಢಂ ಅಂತ ಕೋವಿ ಹಾರಿಸಿದ್ರು." ಅವನು ಜೆಲ್ಲಾಬಾದ ತುದಿಯಿಂದ ಮುಖ ಒರೆಸಿಕೊಂಡ. "ನಾನು ಹೇಸರಗತ್ತೆ ಹೊಡೆಯೋನು ತೂದಾ. ಯುದ್ಧ ಪೂರ್ತಿ ಅದೇ ಕೆಲಸ. ಇಟಲಿಯಲ್ಲಿ ಒಂದು ಬೋಳು ಗುಡ್ಡದ ಮೇಲೆ ನಮ್ಮೋರು ಸಿಕ್ಕಿಹಾಕಿಕೊಂಡಿದ್ರು. ಮೂವತ್ತು ಜನ. ಬಿಸಿಲು ಅಂದ್ರೆ ಇದೇ ಥರ. ನೀರಿಲ್ಲ. ದಾರಿ ಮೇಲೆ ಗುಂಡು ಮಳೆ ಥರ ಬೀಳ್ತಿತ್ತು. ನನ್ನ ಹೇಸರಗತ್ತೆ ಬೆದರಿ ಕೆಳಗೆ ಓಡೋದು ಬಿಟ್ಟು ಮೇಲಕ್ಕೆ ಓಡ್ತು! ಬೆನ್ನ ಮೇಲೆ ಸರಕಾರದ ನೀರಿನ ಚೀಲ. ಅದು ಕಳೆದುಹೋದ್ರೆ ಸಾರ್ಜೆಂಟು ಚರ್ಮ ಸುಲೀತಾನೆ ಅಂತ ನಾನು ಅದರ ಬಾಲ ಹಿಡ್ಕೊಂಡು ಹಿಂದೆ ಓಡಿದೆ. ಅಷ್ಟೇ ನೋಡು ನನ್ನ ಶೌರ್ಯ."

ಇಷೂ ಹೊಟ್ಟೆ ಹಿಡಿದುಕೊಂಡು ಉರುಳಿದ. ತೂದಾ ನಗಲಿಲ್ಲ. "ಒಂದು ಹೇಸರಗತ್ತೆ ನೀರು ಮೂವತ್ತು ಜನಕ್ಕೆ ಸಾಕಾಯ್ತಾ?" ಎಂದು ಕೇಳಿದಳು. ನೀರು ಹೊತ್ತು ಬೆಳೆದ ಹೆಣ್ಣು, ಅವಳಿಗೆ ಆ ಲೆಕ್ಕ ಗೊತ್ತು.

"ಎಲ್ಲಿ ಸಾಕಾಗುತ್ತೆ? ಒಂದು ಚೀಲಕ್ಕೆ ಗುಂಡು ತಾಕಿ ಅರ್ಧ ಸೋರಿಹೋಗಿತ್ತು. ಅರ್ಧ ಜನಕ್ಕೆ ಸಿಗಲಿಲ್ಲ."

"ಮತ್ತೆ?"

"ಮತ್ತೆ... ಇಳಿದು ಹೋಗಿ ಇನ್ನೊಂದು ಸಲ ತಂದೆ."

"ಆಗಲೂ ಹೇಸರಗತ್ತೆ ಬೆದರಿ ಓಡ್ತಾ?"

ಮಿಮೂನ್ ಹೇಸರಗತ್ತೆಯ ಕಡೆ ನೋಡಿ, "ಆಗ ಅದು ಎಲ್ಲಿತ್ತು? ಮೇಲೇ ಸತ್ತುಹೋಗಿತ್ತು. ನಾನೇ ಹೊತ್ಕೊಂಡು ಹೋದೆ" ಎಂದ.

ತೂದಾಳಿಗೆ ಅಳು ಉಕ್ಕಿ ಬಂತು. ಹನ್ನೊಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋಗಿ, ಅದು ಇದ್ದ ಜಾಗವೆಲ್ಲ ಹಗುರವಾಗಿ ನೋಯುತ್ತಿತ್ತು. ಸುಖಕ್ಕೆ ಅಳುತ್ತಿದ್ದಾಳೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ. ಒಂದು ಹಿಡಿ ಒಣ ಎಲೆ ಬಾಚಿ ಗಂಡನ ಮೇಲೆ ಎಸೆದಳು.

"ಹಾಳಾದವನೇ! ಕುರಿಹಬ್ಬದಲ್ಲಿ 'ನನ್ನ ಕೈಗೆ ಸಾಕಾಗಿದೆ' ಅಂತಿದ್ದೆಯಲ್ಲ!"

"ರಕ್ತ ಕಂಡ್ರೆ ತಲೆ ಸುತ್ತುತ್ತೆ ಕಣೇ. ಅಲ್ಲಿ ನೋಡಿದ್ದೇ ಸಾಕಾಗಿತ್ತು."

"'ನೋಡೋರು ಯಾರೂ ಇರಬಾರ್ದು' ಅಂದ್ಯಲ್ಲ, ಅದು?"

"ಇಷೂನ ಕಾಲು ಹಿಡಿದು ಬೇಡ್ಕೊಳ್ಳೋಣ ಅಂತ ಬಂದೆ. ಅದನ್ನ ಆ ಝಾಯಿದ್ ನೋಡಿದ್ರೆ ನನ್ನ ಗತಿ ಏನು?"

"ಬರುವಾಗ ಭಾರ ಇರುತ್ತೆ ಅಂದೆ!"

"ನೀರಿನ ಚೀಲ ಭಾರ ಇರಲ್ವಾ?"

"ನನಗಾದ್ರೂ ಒಂದು ದಿನ ಹೇಳಬಾರ್ದಿತ್ತಾ?"

"ಮೂವತ್ತು ಗಂಟಲಿನವನು ಅಂತ ನಿಮ್ಮಪ್ಪ ಹೆಣ್ಣು ಕೊಟ್ಟ. ಬರೀ ಹೇಸರಗತ್ತೆಯವನು ಅಂತ ಗೊತ್ತಾದ್ರೆ ನೀನು ಹೊರಟುಹೋಗ್ತೀಯೇನೋ ಅಂತ..." ಎಂದು ಮಿಮೂನ್ ನೆಲ ನೋಡಿದ, ಸಂತೆಮಾಳದಲ್ಲಿ ನೋಡಿದ ಹಾಗೆಯೇ.

ಕರಬೂಜವನ್ನು ಕೊನೆಗೆ ಇಷೂ ಕಲ್ಲಿಗೆ ಕುಕ್ಕಿ ಒಡೆದ. ಮೂವರೂ ಕೈಯಲ್ಲೇ ಬಗೆದು ತಿಂದರು. ತಿನ್ನುತ್ತ ಇಷೂ ತನ್ನ ಸಂಕಟ ಬಿಚ್ಚಿಟ್ಟ: ಕಲ್ಲು ತುಂಬಿಸಿದ್ದು ಊರ ಹಿರಿಯರು, ಕಾವಲಿಗೆ ನಿಲ್ಲಿಸಿದ್ದು ತನ್ನನ್ನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒರತೆಯ ಬಳಿ ಕೂತಾಗಿನಿಂದ ಭಾವನ ಚೂರಿ ನೆನೆದು ಅವನಿಗೆ ನಿದ್ದೆಯೇ ಹತ್ತಿರಲಿಲ್ಲ.

"ನೀರು ಬಿಡ್ತೀನಿ ಭಾವ, ಮೊದಲಿನ ಹಾಗೆ ಮೂರು ದಿನ ನಿಮಗೆ, ಮೂರು ದಿನ ನಮಗೆ. ನಮ್ಮ ಮುದುಕರಿಗೂ ಅದೇ ಬೇಕು, ಬಾಯಿಬಿಟ್ಟು ಹೇಳೋಕೆ ಬಿಂಕ. ಆದ್ರೆ ನನ್ನದೊಂದು ಮಾತು ನಡೆಸಿಕೊಡು. ಹೇಸರಗತ್ತೆಯವನಿಗೆ ಹೆದರಿ ನೀರು ಬಿಟ್ಟೆ ಅಂದ್ರೆ ನನಗೆ ಊರಲ್ಲಿ ಹೆಣ್ಣು ಸಿಗಲ್ಲ. ಮೂವತ್ತು ಗಂಟಲಿನವನು ಬಂದಿದ್ದ ಅಂತಲೇ ಹೇಳ್ತೀನಿ. ನೀನು ಬಾಯಿ ಬಿಡಬಾರ್ದು."

"ಇಷ್ಟು ವರ್ಷ ಬಿಟ್ಟಿದೀನಾ?" ಎಂದ ಮಿಮೂನ್.

ಮೂವರೂ ಸೇರಿ ಕಾಲುವೆಯ ಬಾಯಿಂದ ಕಲ್ಲು ಕಿತ್ತರು. ನೀರು ಮೊದಲು ಹಿಂಜರಿದು, ಆಮೇಲೆ ದಾರಿ ನೆನಪಾದಂತೆ ಗುಳುಗುಳು ಎಂದು ಕೆಳಗೆ ಹರಿಯಿತು. ಮಿಮೂನ್ ಹಲ್ಲಣದಲ್ಲಿ ಮಡಚಿಟ್ಟು ತಂದಿದ್ದ ನೀರಿನ ಚೀಲ ತುಂಬಿ, ಮೊದಲ ಬೊಗಸೆಯನ್ನು ಇಷೂನ ಬಾಯಿಗೆ ಹಿಡಿದ, ಎರಡನೆಯದನ್ನು ತೂದಾಳಿಗೆ. ಓಡಿ ಓಡಿ ಬೆಂದಿದ್ದ ಅವಳ ಗಂಟಲಿಗೆ ಆ ತಣ್ಣೀರು ಇಳಿದಾಗ ಹೋದ ಜೀವ ಬಂದಂತಾಯಿತು.

ಅವರು ಕೆಳಗಿನೂರಿಗೆ ಇಳಿಯುವ ಮೊದಲೇ ನೀರು ಇಳಿದಿತ್ತು. ಹುಡುಗರು ಕಾಲುವೆಯೊಳಗೆ ನಿಂತಿದ್ದರು. ಆದರೆ ಅವರ ಕಣ್ಣು ನೀರಿನ ಮೇಲಿರಲಿಲ್ಲ. ಹೇಸರಗತ್ತೆಯ ಎರಡೂ ಬದಿಗೆ ಉಬ್ಬಿಕೊಂಡಿದ್ದ ಭಾರದ ಮೇಲಿತ್ತು.

"ಅಣ್ಣಾ... ಇಷೂ ಏನಾದ?" ಎಂದ ಝಾಯಿದ್.

ಮಿಮೂನ್ ಉಗುಳು ನುಂಗಿ ಬಾಯಿ ತೆರೆದ. ತೂದಾ ಅವನಿಗೆ ಅವಕಾಶ ಕೊಡಲಿಲ್ಲ.

"ನೀರು ಬಂತಲ್ಲ, ಇನ್ನೇನು ನಿನಗೆ? ಇಷೂ ಮನೆಗೆ ಹೋದ. ಇವತ್ತಿಗೆ ಗಂಟಲು ಮೂವತ್ತೆರಡಾಯ್ತು ನೋಡು. ಮೂವತ್ತಮೂರನೆಯವನು ನೀನಾಗ್ತೀಯೇನು?"

ಝಾಯಿದನ ಕೈ ತಾನಾಗಿ ಅವನ ಕುತ್ತಿಗೆಗೆ ಹೋಯಿತು. ಹುಡುಗರು ದಾರಿ ಬಿಟ್ಟರು. ತೂದಾ ಬರಿಗಾಲಲ್ಲಿ, ಬರೀ ತಲೆಯಲ್ಲಿ, ರಾಣಿಯ ಹಾಗೆ ಅವರ ನಡುವೆ ನಡೆದುಹೋದಳು. ತಲೆವಸ್ತ್ರ ಹೇಸರಗತ್ತೆಯ ತಲೆಯಿಂದ ಜಾರಿ ಅದರ ಕೊರಳಲ್ಲೇ ಇತ್ತು.

ಅಂದು ಸಂಜೆ ಅಡುಗೆ ಮುಗಿಸಿ ಅವಳು ಪದಕವನ್ನು ಅದೇ ತಲೆವಸ್ತ್ರದಿಂದ ತಿಕ್ಕಿ ಒರೆಸಿ ಗೂಟಕ್ಕೆ ಹಾಕಿದಳು. ಪಾತ್ರೆ ತೊಳೆದಳು. ಈರುಳ್ಳಿ ಚೂರಿಯನ್ನು ತೊಳೆದು ಗೂಡಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಮಕ್ಕಳ ಪಕ್ಕ ಗೋಡೆಗೊರಗಿ ಕೂತಿದ್ದ ಮಿಮೂನ್ ಅದನ್ನು ನೋಡುತ್ತಿದ್ದ.

"ಇವತ್ತು ಹಿಟ್ಟಿನ ಮಡಕೆ ಕೆಳಗೆ ಇಡಲ್ವಾ?" ಎಂದ.

ತೂದಾಳ ಕೈ ಹಾಗೆಯೇ ನಿಂತಿತು. ಅಂದರೆ ಇವನಿಗೆ ಗೊತ್ತಿತ್ತು. ಹನ್ನೊಂದು ವರ್ಷವೂ ಗೊತ್ತಿತ್ತು. ತನ್ನ ಹೆಂಡತಿ ತನಗೆ ಹೆದರಿ ದಿನಾ ಚೂರಿ ಬಚ್ಚಿಡುವುದನ್ನು ನೋಡಿಯೂ ಮಾತಾಡದೆ, ಅದೇ ಮಡಕೆಯ ಹಿಟ್ಟಿನ ರೊಟ್ಟಿ ತಿಂದುಕೊಂಡು, ಹೇಸರಗತ್ತೆಯ ಜೊತೆ ಮಾತಾಡಿಕೊಂಡು ಇದ್ದುಬಿಟ್ಟಿದ್ದ. ಅವಳಿಗೆ ನಾಚಿಕೆಯಾಯಿತು, ಅವನ ಮೇಲೆ ಎಂದೂ ಇಲ್ಲದ ಮರುಕವೂ ಉಂಟಾಯಿತು. ಕೈ ಒರೆಸಿಕೊಂಡು ಬಂದು ಅವನ ಮುಂದೆ ಬೆನ್ನು ಮಾಡಿ ಕೂತು, ಕೂದಲನ್ನು ಮುಂದಕ್ಕೆ ಎಳೆದುಕೊಂಡು ತಲೆ ಬಗ್ಗಿಸಿದಳು.

"ಈ ಸರದ ಕೊಂಡಿ ಸಿಕ್ಕಿಕೊಂಡಿದೆ. ಸ್ವಲ್ಪ ಬಿಡಿಸು" ಎಂದಳು.

ಕೊಂಡಿ ಸಿಕ್ಕಿಕೊಂಡಿರಲಿಲ್ಲ. ಅದು ಅವನಿಗೂ ಕಂಡಿತು. ಆದರೂ ಬಿಡಿಸಲು ಅವನು ಬಹಳ ಹೊತ್ತು ತೆಗೆದುಕೊಂಡ.